ನಾಲ್ಕು ಮೂಲೆ

ತಡಿ ತಮ್ಮಾ, ಅವಸರ ಬೇಡ.
ಆ ಹಳೇದನ್ನ ಹಾಗೆ ಹಿಡೀಬಾರದು,
ಅದರ ಕೀಲು ಸಡಿಲ. ಬಲಗಡೆ ಅಂಚಿಗೆ ಉಗುರು ಹಾಕು,
ಹ್ಞಾ, ಬಂತಲ್ಲ, ಪ್ಲಾಸ್ಟಿಕ್ ಕಡ್ಡಿ.
ಅದರಲ್ಲಿ ತಿವಿದರೇ ಅದಕ್ಕೆ ಮಾತು ಕೇಳಿಸೋದು.

ನೀನಾಗ ಹುಟ್ಟಿದ್ದೆಯೋ ಇಲ್ಲವೋ,
ಈ ಊರಲ್ಲೇ, ತುರ್ಕು ಬಸ್ಸು ತಿರುಗುವಲ್ಲಿ
ಉದ್ದಕ್ಕೊಂದು ಬಿಳಿ ಕಟ್ಟಡ. ಒಳಗೆ ಏಳನೇ ಸಾಲು.
ನನ್ನ ಮುಂದೆ ಬರುತ್ತಿದ್ದವು ಒಂದೊಂದೇ,
ಅಂಗೈಯಗಲದ ಇಂಟರ್ನೆಟ್ಟು,
ಕಣ್ಣು ಬಿಟ್ಟಿರುತ್ತಿದ್ದವು, ದೃಷ್ಟಿ ಕೂಡಿರುತ್ತಿರಲಿಲ್ಲ.
ಪರದೆಯ ಮೂಲೆಗೊಂದು ಕೂಡಿಸುವ ಗುರುತು,
ಅದರ ನಟ್ಟನಡುವೆ ಕಡ್ಡಿ ಊರಬೇಕು.
ಎಡ ಮೇಲೆ, ಬಲ ಮೇಲೆ,
ಬಲ ಕೆಳಗೆ, ಎಡ ಕೆಳಗೆ.
ಆಮೇಲೆ ಮುಂದಿನದು.
ಮುಟ್ಟಿದರೆ ಎಲ್ಲಿ ಮುಟ್ಟಿದ್ದು ಅಂತ
ಅವಕ್ಕೆ ಕಲಿಸಿದ್ದು ನಾನು, ದಿನಕ್ಕೆ ಆರುನೂರಕ್ಕೆ.
ರಾತ್ರಿ ನಿದ್ದೆಗಣ್ಣಲ್ಲಿ ದಿಂಬಿನ ನಾಲ್ಕು ಮೂಲೆ ಒತ್ತುತ್ತಿದ್ದೆನಂತೆ.
ಗಂಡ ಎದ್ದು ಸೋಫಾಕ್ಕೆ ಹೋಗುತ್ತಿದ್ದ.

ಕಾರ್ಖಾನೆಗೆ ಬೀಗ ಬಿದ್ದ ವಾರ
ನೌಕರರ ಬೆಲೆಗೆ ಕೊಂಡದ್ದು ಇದು.
ಒಳ್ಳೇದೇ ಇತ್ತು. ಈಗ ನೋಡು,
ಗೊತ್ತಿದ್ದ ಬಾಗಿಲುಗಳೆಲ್ಲ ಇದಕ್ಕೆ ಮುಚ್ಚಿವೆ.
ಬ್ಯಾಂಕು, ನೀನು ಯಾರು ಅನ್ನುತ್ತೆ.
ಲೈಬ್ರರಿಯ ಪುಟ ಅರ್ಧ ಬಂದು,
ಪುಸ್ತಕದ ಹೆಸರು ಬಿಟ್ಟು, ದಂಡದ ಬಾಕಿ ತೋರಿಸಿ ನಿಲ್ಲುತ್ತೆ.
ಮೊನ್ನೆ ಕೆರೆಯ ಮಂಜು ಎಷ್ಟು ದಪ್ಪ ಅಂತ ಕೇಳಿದರೆ
ಮೂರು ವರ್ಷದ ಹಿಂದಿನ ಮಾರ್ಚ್ ತೋರಿಸಿತು.
ಪಕ್ಕದ ಮನೆ ಟೆರ್ಹೋ ಅದನ್ನ ನಂಬಿ
ಗಾಳದ ಪೆಟ್ಟಿಗೆ ಹೊತ್ತು ಹೊರಟೇಬಿಟ್ಟಿದ್ದ.
ಅದಕ್ಕೇ ಬಂದದ್ದು. ಇಲ್ಲದಿದ್ದರೆ ಬರುತ್ತಿರಲಿಲ್ಲ.

ತೋರಿಸು ಹೊಸದನ್ನ.
ಹಗುರ ಇದೆ. ಒಂದು ಗುಂಡಿಯೂ ಇಲ್ಲ, ಬರೀ ಗಾಜು.
ಮೂಲೆ ಒತ್ತೋದು ಬೇಡವಾ? ಹುಟ್ಟುತ್ತಲೇ ಕಲಿತಿದೆಯಾ?
ಸರಿ. ಹೆಬ್ಬೆರಳಿಡಿ ಅನ್ನುತ್ತೆ. ಇಟ್ಟೆ.
ಮತ್ತೊಮ್ಮೆ ಅನ್ನುತ್ತೆ.
ಸ್ವಲ್ಪ ಬೇರೆ ಕಡೆಯಿಂದ ಅನ್ನುತ್ತೆ.
ಆಸ್ಪತ್ರೆಯ ಬಟ್ಟೆ ಒಗೆಯೋ ಮನೇಲಿ ಹನ್ನೊಂದು ವರ್ಷ ತಮ್ಮಾ,
ಸೋಡಾ, ಹಬೆ, ಹೊರಗೆ ಬಂದರೆ ಕಿವಿ ಕತ್ತರಿಸೋ ಚಳಿ.
ಗೆರೆ ಎಲ್ಲಿಂದ ತರಲಿ?
ತೋರುಬೆರಳೂ ಅಷ್ಟೆ. ನೀನು ನಗಬೇಡ.

ಅಂಕಿಯೂ ಆಗುತ್ತಾ? ಮೊದಲೇ ಹೇಳಬಾರದಿತ್ತಾ.
ಎಷ್ಟು, ನಾಲ್ಕೇ? ಆ ಕಡೆ ತಿರುಗು.
ಒಂದು. ಮೂರು. ಒಂಬತ್ತು. ಏಳು.
ನೋಡಿಬಿಟ್ಟೆಯಾ? ಸುಲಭ ಅಂತೀಯ,
ಕಳ್ಳ ಊಹಿಸುತ್ತಾನೆ ಅಂತೀಯ.
ಊಹಿಸಲಿ ಬಿಡು. ನನ್ನ ಕೈಗೆ
ಬೇರೆ ದಾರಿ ಗೊತ್ತಿಲ್ಲ.

ಹಳೇದಕ್ಕೆ ಏನೂ ಬರೋದಿಲ್ಲವಾ? ಒಂದು ಕಾಫಿಯಷ್ಟೂ?
ಹೋಗಲಿ, ಸತ್ತ ಬ್ಯಾಟರಿಗಳ ಆ ಡಬ್ಬಿಗೆ ನಾನೇ ಹಾಕುತ್ತೇನೆ.
ಕಡ್ಡಿ ಮಾತ್ರ ಇತ್ತ ಕೊಡು.

*

ಟೆರ್ಹೋ, ಕೇಳಿಸಿತಾ, ಇವತ್ತು ಹದಿನಾಲ್ಕು ಸೆಂಟಿಮೀಟರು.
ಇವತ್ತಿನದೇ, ಬೆಳಗಿನ ಏಳು ಗಂಟೆಯದು.
ಹೋಗು, ಆದರೆ ನದಿ ಸೇರೋ ಕಡೆ ಬೇಡ.

ನಿನ್ನ ಕಾಲುಚೀಲ ಕೇಳಬೇಡ.
ಮುಂಚೆ ಒಂದು ಪುಟ ತೆರೆಯೋದರೊಳಗೆ
ಒಂದು ಸುತ್ತು ಹೆಣೆಯುತ್ತಿದ್ದೆ. ಚಿತ್ರವಿದ್ದರೆ ಎರಡು.
ಹವಾಮಾನ, ಸಾವಿನ ಸುದ್ದಿ, ಬಸ್ಸಿನ ವೇಳೆ ಅಂತ ನೋಡುತ್ತಾ ನೋಡುತ್ತಾ
ಒಂದು ಚಳಿಗಾಲಕ್ಕೆ ಐದು ಜೊತೆ ಆಗುತ್ತಿತ್ತು.
ಇದು ಬೆರಳು ಎತ್ತುವ ಮೊದಲೇ ತೆರೆದಿರುತ್ತೆ,
ಸೂಜಿ ಕೈಗೆತ್ತಿಕೊಳ್ಳೋಕೂ ಬಿಡೋದಿಲ್ಲ.
ನಿನ್ನದು ಇನ್ನೂ ಹಿಮ್ಮಡಿಯಲ್ಲೇ ಇದೆ.
ಇಪ್ಪತ್ತೆರಡು ಕಣ್ಣು, ಬಿಚ್ಚಿಹೋಗದ ಹಾಗೆ
ಆ ಪ್ಲಾಸ್ಟಿಕ್ ಕಡ್ಡಿಗೆ ಏರಿಸಿ ಇಟ್ಟಿದ್ದೇನೆ.